ಅಪ್ಪನ ನಂಬರಿಗೆ ಹೋದ ಓಟಿಪಿ

ಅಪ್ಪಾ,

ಹೋದ ತಿಂಗಳು ಒಂದು ಸೋಮವಾರ ಮಧ್ಯಾಹ್ನ ಸರ್ಕಾರದವರು ನಿನಗೆ ಆರು ಅಂಕಿಯ ಒಂದು ನಂಬರು ಕಳಿಸಿದರು. ಒಂದಲ್ಲ, ಮೂರು ಸಲ. ಸಿಕ್ಕಿತೇನು? ಹತ್ತು ನಿಮಿಷದೊಳಗೆ ನಾನು ಅದನ್ನು ಕಂಪ್ಯೂಟರಿನಲ್ಲಿ ಹಾಕಬೇಕಾಗಿತ್ತು, ಹಾಕಿದ್ದರೆ ನನ್ನ ವಿದ್ಯಾರ್ಥಿವೇತನದ ಅರ್ಜಿ ಮುಂದೆ ಹೋಗುತ್ತಿತ್ತು. ನೀನೋ ಮುಂಡರಗಿಯ ರುದ್ರಭೂಮಿಯಲ್ಲಿ ಫೋನನ್ನು ಕಿಸೆಯಲ್ಲಿಟ್ಟುಕೊಂಡು ಆರಾಮಾಗಿ ಕುಳಿತಿದ್ದೀಯ. ನಿನ್ನ ಮೇಲೆ ಬಹಳ ಸಿಟ್ಟು ಬಂತು. ತೀರಿಹೋದವರ ಮೇಲೆ ಸಿಟ್ಟು ಮಾಡಬಾರದಂತೆ. ಆದರೆ ಇದನ್ನು ಮೊದಲು ಹೇಳದಿದ್ದರೆ ಮುಂದಿನದು ಬಾಯಿಗೆ ಬರುವುದಿಲ್ಲ.

ನಿನ್ನ ಅಂಗಡಿಗೆ ಹೊಸ ಬೋರ್ಡು ಬರೆಸಿದ ದಿನ ನೆನಪಿದೆಯಾ? ಪಂಪ್‌ಸೆಟ್ ಮೋಟಾರು ರಿಪೇರಿ ಅಂತ ಸಣ್ಣಗೆ ಬರೆಸಿ, ಫೋನ್ ನಂಬರನ್ನು ಮಾತ್ರ ಮೊಳದುದ್ದ ಬರೆಸಿದ್ದೆ. "ಹೆಸರು ಮರತ್ರ ನಡಿತೈತಿ, ನಂಬರ ಮರೀಬಾರದು" ಅಂತ ಪೇಂಟರನಿಗೆ ಹೇಳಿದ್ದೆ. ಮನೆಯಲ್ಲೂ ಅದೇ ಆಯಿತು. ಗ್ಯಾಸಿಗೆ ಆ ನಂಬರು, ರೇಷನ್ ಕಾರ್ಡಿಗೆ ಆ ನಂಬರು, ಅವ್ವನ ಬ್ಯಾಂಕಿಗೆ, ನನ್ನ ಆಧಾರಿಗೆ, ಎಲ್ಲಕ್ಕೂ ಅದೇ. ಡಿಗ್ರಿಗೆ ಬಂದಾಗ ನನಗೊಂದು ಫೋನು ಬಂತು, ಆಧಾರಿಗೂ ನನ್ನದೇ ನಂಬರು ಹಾಕಿಸುತ್ತೇನೆ ಅಂದರೆ "ಯಾಕ, ನನ್ನ ನಂಬರ ನಿನಗ ಕಡಿತೈತೇನು?" ಅಂದುಬಿಟ್ಟೆ. ನಾನೂ ಸುಮ್ಮನಾದೆ. ಈಗ ಯಾರನ್ನು ಕೇಳಲಿ?

ನೀನು ಹೋದ ದಿನ ಹಿರಿಯರು ನಿನ್ನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಮೈಮೇಲೆ ಹೊಸ ನೆಹರು ಶರ್ಟು. ಭಜನೆಯವರು ಹಾಡುತ್ತಿದ್ದರು. ನಿನ್ನ ಫೋನು ಮೊಳೆಗೆ ಜೋತಾಡುತ್ತಿತ್ತು, ಅದೇ ಕೊರಳದಾರ, ಅದೇ ಎಣ್ಣೆಕಲೆ. ಅದಿಲ್ಲದೆ ನೀನು ಸಂಡಾಸಿಗೂ ಹೋದವನಲ್ಲ. ಯಾರೂ ನೋಡದಂತೆ ಅದನ್ನು ತೆಗೆದು ನಿನ್ನ ಕಿಸೆಯಲ್ಲಿ ಇಟ್ಟೆ. ಹೌದು, ನಾನೇ. ಆಮೇಲೆ ರುದ್ರಭೂಮಿಯ ಕುಣಿಯಲ್ಲಿ ಕಾಕಾ ಎಲ್ಲರ ಎದುರಿಗೇ ನಿನ್ನ ಎಲೆ-ಅಡಿಕೆಯ ಚಂಚಿ ಇಟ್ಟ. ಅಷ್ಟೇ ಸಾಕಾಯಿತು. ಮೂರು ದಿನದ ಮೇಲೆ ಅವ್ವ ಫೋನು ಹುಡುಕಿದಾಗ ಎಲ್ಲರೂ ಕಾಕಾನ ಕಡೆಗೇ ನೋಡಿದರು.

"ವೈನಿ, ನಾ ಇಟ್ಟಿದ್ದು ಚಂಚಿ ಅಷ್ಟ" ಅಂತ ಕಾಕಾ ಅವ್ವನಿಗೆ ಎಷ್ಟು ಸಲ ಹೇಳಿದನೋ. ಅವ್ವ ನಂಬಲಿಲ್ಲ. ಅವತ್ತಿನಿಂದ ನಿನ್ನ ಒಬ್ಬನೇ ತಮ್ಮ ನಮ್ಮ ಹೊಸ್ತಿಲು ತುಳಿದಿಲ್ಲ. ನಾನು ಅಲ್ಲೇ ನಿಂತಿದ್ದೆ, ಅಪ್ಪಾ. ಬಾಯಿ ತೆರೆದಿದ್ದರೆ ಮುಗಿಯುತ್ತಿತ್ತು. ಯಾಕೆ ತೆರೆಯಲಿಲ್ಲ ಅಂತ ಈಗಲೂ...

ನಾಗಾವಿಗೆ ನನ್ನನ್ನು ಬೈಕಿನ ಮೇಲೆ ಕರೆದೊಯ್ದಿದ್ದೆಯಲ್ಲ, ಡಿಗ್ರಿ ಮುಗಿಯುವ ಮೊದಲೇ? ವಿಶ್ವವಿದ್ಯಾಲಯದ ಗೇಟಿನಲ್ಲಿ ನಿಂತು ವಾಚ್‌ಮನ್‌ನನ್ನು ಕೇಳಿದೆ: "ನಮ್ಮಂಥವರಿಗೆ ಸ್ಕಾಲರಶಿಪ್ ಬರತೈತೇನ್ರಿ?" ಅವನು ನಕ್ಕು, "ಅರ್ಜಿ ಹಾಕಿದವರಿಗೆ ಬರತೈತ್ರಿ" ಅಂದ. ಆ ಮಾತು ನಿನಗೆಷ್ಟು ಹಿಡಿಸಿತೆಂದರೆ ಮುಂಡರಗಿ ಮುಟ್ಟುವವರೆಗೆ ಅದನ್ನೇ ಹೇಳುತ್ತ ಬಂದೆ. ನನಗೆ ಅಲ್ಲೇ ಎಂ.ಎಸ್.ಡಬ್ಲ್ಯೂ ಸೀಟು ಸಿಕ್ಕಿತು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಅಂಕಪಟ್ಟಿ ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಗದಗಿನ ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿದ್ದ ಅಕ್ಕ ಎಲ್ಲವನ್ನೂ ತುಂಬಿದಳು, ಒಂದು ಕಾಗದವೂ ಕಡಿಮೆ ಬೀಳಲಿಲ್ಲ.

"ಓಟಿಪಿ ಆಧಾರದ ನಂಬರಿಗೆ ಹೋಗೈತಿ. ಆ ನಂಬರ ಯಾರ ಹತ್ರ ಐತಿ?" ಅಂದಳು.

"ಅಪ್ಪನ ಹತ್ರ."

"ಫೋನ್ ಹಚ್ಚಿ ಕೇಳವಾ, ಜಲ್ದಿ."

ನಾನು ಫೋನು ಕೈಯಲ್ಲಿ ಹಿಡಿದು ನಿಂತೆ. ಅವಳು ಇನ್ನೆರಡು ಸಲ ಕಳಿಸಿದಳು. "ಯಾಕ, ನಿಮ್ಮಪ್ಪಾರು ಫೋನ್ ಎತ್ತವಲ್ಲರೇನು?" ಅಂದಳು. ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡೆ. ಹಿಂದೆ ಸಾಲಿನಲ್ಲಿ ಹತ್ತು ಹುಡುಗಿಯರು ನಿಂತಿದ್ದರು.

ಆಮೇಲೆ ಓಡಿದ ಓಟ ನಿನಗೆ ಗೊತ್ತಿಲ್ಲ. ನಿನ್ನ ಸಿಮ್ ಮತ್ತೆ ತೆಗೆಸಲು ಹೋದರೆ, ಯಾರ ಹೆಸರಿನಲ್ಲಿದೆಯೋ ಅವರೇ ಬರಬೇಕು ಅಂದರು. ಬರುವಂತಿದ್ದರೆ ನಾನ್ಯಾಕೆ ಹೋಗುತ್ತಿದ್ದೆ? ಆಧಾರ್ ಕೇಂದ್ರದಲ್ಲಿ ಬೆಳಗ್ಗೆಯಿಂದ ಕಾದು, ಹೆಬ್ಬೆಟ್ಟು ಒತ್ತಿ, ನನ್ನ ನಂಬರು ಹಾಕಿಸಿದೆ. ಬದಲಾಗಲು ಕೆಲವು ದಿನ ಹಿಡಿಯುತ್ತದೆ ಅಂದರು. ದಿನಕ್ಕೆ ಎಷ್ಟು ಸಲ ಫೋನು ನೋಡಿದೆನೋ ಲೆಕ್ಕವಿಲ್ಲ. ಅರ್ಜಿಯ ಕೊನೆಯ ದಿನ ಶನಿವಾರ ಮುಗಿಯಿತು, ನಂಬರು ಬದಲಾದ ಸಂದೇಶ ಮಂಗಳವಾರ ಬಂತು.

ಉಳಿದದ್ದು ಬ್ಯಾಂಕಿನ ಶಿಕ್ಷಣ ಸಾಲ. ವಾರದೊಳಗೆ ಶುಲ್ಕ ಕಟ್ಟದಿದ್ದರೆ ಸೀಟು ಪಟ್ಟಿಯಲ್ಲಿ ನನ್ನ ಹಿಂದಿರುವವರಿಗೆ ಹೋಗುತ್ತಿತ್ತು. ಬ್ಯಾಂಕಿನವರು ಅವ್ವನ ಸಹಿಯ ಜೊತೆ ಸಂಬಳ ಬರುವ ಒಬ್ಬರ ಸಹಿಯೂ ಬೇಕು ಅಂದರು. ನಮ್ಮ ಮನೆತನದಲ್ಲಿ ಸಂಬಳ ಬರುವವನು ಯಾರು? ಶಾಲೆಯಲ್ಲಿ ಜವಾನನಾಗಿರುವ ಕಾಕಾ ಒಬ್ಬನೇ. ಕೇಳಿದ ಕೂಡಲೇ "ಎಲ್ಲಿ ಮಾಡ್ಲಿ ಹೇಳವಾ ಸಹಿ" ಅಂತ ಕಿಸೆಯಿಂದ ಪೆನ್ನು ತೆಗೆದ. ಅವ್ವ ಬಿಲ್‌ಕುಲ್ ಒಪ್ಪಲಿಲ್ಲ.

"ಆಂವನ ಸಹಿ ನನಗ ಬ್ಯಾಡ. ಅಣ್ಣನ ಫೋನ್ ಮಣ್ಣಾಗ ಹಾಕಿ, ಹುಡುಗಿ ಸ್ಕಾಲರಶಿಪ್ ಕಳದಾನ. ಈಗ ಸಾಲಾ ಕೊಡಸಾಕ ಬಂದಾನೇನು?"

ಎರಡು ದಿನ ಹಾಗೇ ಹೋದವು. ನನ್ನ ಸೀಟು ಹೋಗುತ್ತದೆ ಅನ್ನುವ ಭಯ ಹೆಚ್ಚೋ, ಬಾಯಿ ಬಿಟ್ಟರೆ ಅವ್ವ ಏನನ್ನುತ್ತಾಳೆ ಅನ್ನುವ ಭಯ ಹೆಚ್ಚೋ, ತಿಳಿಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಎದುರಿಗೆ ಕುಳಿತೆ.

"ಅವ್ವಾ, ಫೋನ್ ಕಾಕಾ ಇಟ್ಟಿಲ್ಲ. ನಾ ಇಟ್ಟೀನಿ."

ಅವಳ ಕೈಯಲ್ಲಿದ್ದ ಮೊರ ನಿಂತಿತು. "ಯಾವಾಗ?"

"ಅಪ್ಪನ್ನ ಗ್ವಾಡಿಗೆ ಕುಂಡ್ರಿಸಿದ್ರಲ್ಲ, ಅವಾಗ."

"ಯಾವ ಕಿಸೆದಾಗ?"

ಇದನ್ನು ಯಾಕೆ ಕೇಳುತ್ತಾಳೆ ಅಂತ ನನಗೆ ತಿಳಿಯಲಿಲ್ಲ. "ಎಡಗಡೆ" ಅಂದೆ.

ಬಹಳ ಹೊತ್ತು ಅವಳು ಜೋಳದಲ್ಲಿ ಕಲ್ಲು ಹುಡುಕಿದಳು. ಆಮೇಲೆ ತಲೆಯೆತ್ತದೆ, "ಬಲಗಡೆ ಕಿಸೆದಾಗ ಅವರ ಚಷ್ಮಾ ನಾ ಇಟ್ಟೀನಿ. ಅದಿಲ್ದ ಅವರಿಗೆ ಹತ್ತಿರದ್ದು ಏನೂ ಕಾಣ್ತಿದ್ದಿಲ್ಲ" ಅಂದಳು. ನನಗೆ ನಗು ಬಂತೋ ಅಳು ಬಂತೋ, ಎರಡೂ ಬಂದವು. ಅವಳಿಗೂ ಬಂದವು. ಇಬ್ಬರೂ ಮೊರದ ಆಚೆ ಈಚೆ ಕುಳಿತು ಅತ್ತೆವು, ನೀನು ಹೋದ ದಿನವೂ ನಾವು ಹಾಗೆ ಕೂಡಿ ಅತ್ತಿರಲಿಲ್ಲ.

ಅವ್ವ ಸೆರಗು ಸರಿಮಾಡಿಕೊಂಡು ನೇರ ಕಾಕಾನ ಮನೆಗೆ ನಡೆದಳು. ನಾನು ಹಿಂದೆಯೇ ಹೋದೆ. "ಬಸಣ್ಣ, ತಪ್ಪು ನಂದಾತಪಾ. ಊಟಕ್ಕ ಬಾ" ಅಂದಳು. ಕಾಕಾ ಗಾಬರಿಯಾಗಿ ಎದ್ದು ನಿಂತ. "ಫೋನ್ ಸಿಕ್ಕತೇನ್ರಿ ವೈನಿ?"

"ಸಿಕ್ಕತು. ಅವರ ಹತ್ರನ ಐತಿ."

ಕಾಕಾ ಚಪ್ಪಲಿ ಮೆಟ್ಟಿಕೊಂಡು ಬಂದ, ಉಂಡ, ಮರುದಿನ ರಜೆ ಹಾಕಿ ಬ್ಯಾಂಕಿಗೆ ಬಂದು ನಾಲ್ಕು ಕಡೆ ಸಹಿ ಮಾಡಿದ.

ಸೀಟು ಉಳಿಯಿತು, ಅಪ್ಪಾ. ಈ ಪತ್ರವನ್ನು ನಾಗಾವಿಯಲ್ಲಿ, ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಮುಂದಿನ ವರ್ಷದ ಅರ್ಜಿಗೆ ಓಟಿಪಿ ನನ್ನ ಫೋನಿಗೇ ಬರುತ್ತದೆ, ಅವ್ವನ ಬ್ಯಾಂಕಿನದನ್ನೂ ಬದಲಿಸಿದ್ದಾಯಿತು. ಅವ್ವ ಮತ್ತು ಕಾಕಾ ಈಗ ದಿನವೂ ಮಾತಾಡುತ್ತಾರೆ.

ಆದರೆ ಫೋನು ಇಟ್ಟವಳು ನಾನು ಅಂತ ಕಾಕಾನಿಗೆ ಇನ್ನೂ ಗೊತ್ತಿಲ್ಲ. ಅವ್ವ ನನ್ನ ಹೆಸರು ಹೇಳಲೇ ಇಲ್ಲ, ಅವಳ ಹಿಂದೆ ನಿಂತ ನಾನೂ ಹೇಳಲಿಲ್ಲ. ನನ್ನ ತಪ್ಪು ಅವಳ ಮೇಲಿದೆ, ನನ್ನ ಸಾಲ ಅವನ ಮೇಲಿದೆ. ಪಾಠ ಕಿವಿಗೆ ಬೀಳುವುದಿಲ್ಲ. ಭಾನುವಾರ ಊರಿಗೆ ಬರುತ್ತೇನೆ. ಬಸ್ಸಿಳಿದು ಮೊದಲು ಕಾಕಾನ ಮನೆ, ಆಮೇಲೆ ನಮ್ಮ ಮನೆ. ಎಲ್ಲವನ್ನೂ ಹೇಳುತ್ತೇನೆ, ನಿನ್ನಾಣೆ. ಅವನು ಬೈದರೆ ಬೈಸಿಕೊಳ್ಳುತ್ತೇನೆ. ಬೈಯದೇ ಹೋದರೆ ಏನು ಮಾಡಲಿ, ಅಪ್ಪಾ?