ಎರಡು ಡಿಸ್ಕಿನ ಪೆಟ್ಟಿಗೆ

ಕುರುಗೋಡು
೧೭ ಸೆಪ್ಟೆಂಬರ್ ೨೦೨೫, ಬುಧವಾರ

ಗೆಳೆಯ ಗೋಪಾಲಕೃಷ್ಣನಿಗೆ,

ಜೋಗಪ್ಪನ ನಮಸ್ಕಾರ. ನಾನೂ ಹಂಪಮ್ಮನೂ ಆರಾಮಾಗಿದ್ದೇವೆ. ನಿನ್ನ ಮಂಡಿನೋವು ಕಡಿಮೆಯಾಗಿರಬೇಕು, ಮೊಮ್ಮಗಳು ಶ್ರೀಕೃತಿ ನೆಗಡಿಯಿಂದ ಎದ್ದು ಶಾಲೆಗೆ ಹೋಗುತ್ತಿರಬೇಕು ಅಂದುಕೊಂಡಿದ್ದೇನೆ. ಭಾನುವಾರ ಸರ್ವರ್ ಪೆಟ್ಟಿಗೆ ತಗೊಂಡು ಬಳ್ಳಾರಿಗೆ ಬರುತ್ತೇನೆ ಅಂತ ಮಾತು ಕೊಟ್ಟು ಬರಲಿಲ್ಲ. ನೀನು ಹನ್ನೊಂದು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಹಂಪಮ್ಮನ ಫೋನಿಗೂ ಮಾಡಿದೆ, ಅವಳೂ ಎತ್ತಲಿಲ್ಲ. ನಿನ್ನನ್ನು ಕಾಯಿಸಿದ್ದು ತಪ್ಪು, ಅದಕ್ಕೆ ಕ್ಷಮೆ ಇರಲಿ.

ಈ ಕಾಲದಲ್ಲಿ ಯಾರಾದರೂ ಕಾಗದ ಬರೆಯುತ್ತಾರೇನು ಅಂತ ನೀನು ನಗಬಹುದು. ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಾನು ಎರಡು ಮಾತು ಆಡುವುದರೊಳಗೆ ನೀನು ನಗುತ್ತೀಯ, ನೀನು ನಕ್ಕರೆ ನಾನೂ ನಗುತ್ತೇನೆ, ಹೇಳಬೇಕಾದ್ದು ಅಲ್ಲೇ ಉಳಿಯುತ್ತದೆ. ನಲವತ್ತು ವರ್ಷ ನಮ್ಮಿಬ್ಬರ ನಡುವೆ ಹೀಗೇ ನಡೆದಿದೆ.

ಮೊದಲು ಪೆಟ್ಟಿಗೆಯ ವಿಷಯ ಹೇಳಿಬಿಡುತ್ತೇನೆ. ಯುಗಾದಿಯಿಂದ ಇದರ ಬಗ್ಗೆ ಎಷ್ಟು ಜಗಳ ಆಡಿದೆವು, ನಿನಗೇ ನೆನಪಿದೆ. ನಮ್ಮಿಬ್ಬರ ಸಿನಿಮಾ ಎಲ್ಲ ಸೇರಿ ಆರುನೂರಾ ಹನ್ನೆರಡು ಡಿಸ್ಕು, ನಲವತ್ತಮೂರು ಟೇಪು. ಅರ್ಧ ನಿನ್ನ ಬೀರುವಿನಲ್ಲಿ, ಅರ್ಧ ನನ್ನ ಟ್ರಂಕಿನಲ್ಲಿ. ಬೂಸಲು ಹಿಡಿಯುವ ಮೊದಲು ಎಲ್ಲವನ್ನೂ ಒಂದು ಕಡೆ ತುಂಬಿಸೋಣ ಅಂದವನು ನಾನು. ಒಂದು ಹಾರ್ಡ್ ಡಿಸ್ಕು ತಂದು ಟಿವಿ ಹಿಂದೆ ಸಿಕ್ಕಿಸಿದರೆ ಮುಗೀತು ಅಂದವನು ನೀನು. ಅಂಗಡಿಯವನಂತೂ ನಾಲ್ಕು ಡಿಸ್ಕಿನ ದೊಡ್ಡ ಯಂತ್ರವನ್ನೇ ಕಟ್ಟಲು ನೋಡಿದ. ಗೆರೆ ಬಿದ್ದ ಹಳೇ ಕಪ್ಪುಬಿಳುಪಿನ ಚಿತ್ರಗಳಿಗೆ ಅದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ಕಡೆಗೆ ನನ್ನ ಹಟವೇ ಗೆದ್ದಿತು, ಎರಡು ಹಾರ್ಡ್ ಡಿಸ್ಕಿನ ಚಿಕ್ಕ ಪೆಟ್ಟಿಗೆ ತಂದೆವು. ಏನೇ ತುಂಬಿಸಿದರೂ ಅದು ಎರಡು ಡಿಸ್ಕಿನಲ್ಲೂ ಬರೆದುಕೊಳ್ಳುತ್ತದೆ. ಒಂದು ಕೆಟ್ಟರೂ ಇನ್ನೊಂದರಲ್ಲಿ ಎಲ್ಲ ಇರುತ್ತದೆ.

ಪೆಟ್ಟಿಗೆಯಲ್ಲಿದ್ದದ್ದನ್ನು ಟಿವಿಯಲ್ಲಿ ತೋರಿಸುವ ಪ್ಲೇಯರನ್ನೂ ನಾನೇ ಆರಿಸಿದೆ. ನಿನ್ನ ಟಿವಿಯೊಳಗಿನ ಆ್ಯಪ್ ಎತ್ತಿನ ಬಂಡಿಯ ಹಾಗೆ ನಡೆಯುತ್ತದೆ, ಅದಕ್ಕೆ ಬೇರೆಯದೇ ಡಬ್ಬಿ. ರಿಮೋಟಿನಲ್ಲಿ ಆರೇ ಗುಂಡಿ, ಕನ್ನಡಕ ಮರೆತು ಕೂತರೂ ಒತ್ತಬಹುದು. ಮನೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ ಮಾಡಿದ್ದೇನೆ. ಶ್ರೀಕೃತಿಯ ಖಾತೆಯಲ್ಲಿ ಹೊಡೆದಾಟದ ಚಿತ್ರಗಳು ಕಾಣುವುದಿಲ್ಲ. ಯಾರು ಯಾವ ಚಿತ್ರವನ್ನು ಎಲ್ಲಿಯವರೆಗೆ ನೋಡಿದರು ಅನ್ನುವುದನ್ನು ಪೆಟ್ಟಿಗೆ ನೆನಪಿಟ್ಟುಕೊಳ್ಳುತ್ತದೆ. ಪೂರ್ತಿ ನೋಡಿದರೆ ಒಂದು ಟಿಕ್ ಬೀಳುತ್ತದೆ, ಅದು ಇಂಟರ್‌ನೆಟ್ ಮೂಲಕ ಇಲ್ಲಿ ಕುರುಗೋಡಿನಲ್ಲಿ ಕೂತ ನನಗೂ ಕಾಣುತ್ತದೆ. ಇಂಟರ್‌ವಲ್ಲಿಗೇ ಗೊರಕೆ ಹೊಡೆದು, ಮರುದಿನ ಕ್ಲೈಮ್ಯಾಕ್ಸ್ ಅದ್ಭುತ ಅನ್ನುವವನ ಬಣ್ಣ ಇನ್ನು ಬಯಲಾಗುತ್ತದೆ ಅಂತ ಹಂಪಮ್ಮನ ಮುಂದೆ ಹೇಳಿ ನಕ್ಕಿದ್ದೆ. ನಗುತ್ತ ನಗುತ್ತಲೇ ಬೇಸಿಗೆಯೆಲ್ಲ ಡಿಸ್ಕುಗಳನ್ನು ತುಂಬಿಸಿದೆ.

ಆಮೇಲೆ ಟೇಪುಗಳಿಗೆ ಬಂದೆ. ಟೇಪು ಡಿಸ್ಕಿನಂತಲ್ಲ. ಮೂರು ಗಂಟೆಯ ಟೇಪು ಮೂರು ಗಂಟೆ ಓಡಲೇಬೇಕು, ಅವಸರ ನಡೆಯುವುದಿಲ್ಲ. ನೀನು ಕೊಟ್ಟ ಚೀಲದ ತಳದಲ್ಲಿ ಸತ್ಯನಾರಾಯಣಪೇಟೆಯ ನಿಮ್ಮ ಮನೆಯ ಗೃಹಪ್ರವೇಶದ ಟೇಪಿತ್ತು, ತೊಂಬತ್ತೊಂಬತ್ತನೇ ಇಸವಿಯದು. ಹೋದ ಸೋಮವಾರದ ಹಿಂದಿನ ಸೋಮವಾರ ಮಧ್ಯಾಹ್ನ ಅದನ್ನು ಹಾಕಿದೆ. ಹಂಪಮ್ಮ ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

ಆ ದಿನ ಕ್ಯಾಮೆರಾ ತಂದವನು ನಾನೇ. ಸಿರುಗುಪ್ಪದ ಸ್ಟುಡಿಯೋದವನ ಕೈಕಾಲು ಹಿಡಿದು ಎರಡು ದಿನಕ್ಕೆ ಕೇಳಿ ತಂದಿದ್ದೆ. ಪಡಸಾಲೆಯ ಮೂಲೆಯಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದೆ. ಹೋಮ, ಹಾಲು ಉಕ್ಕಿಸಿದ್ದು, ನಿನ್ನ ಅಮ್ಮ ಅಂಬುಜಮ್ಮನವರು ಹೊಸ ಸೀರೆಯಲ್ಲಿ ನಾಚಿಕೊಂಡು ಮುಖ ತಿರುಗಿಸಿದ್ದು, ಎಲ್ಲ ಬಂದಿದೆ. ಊಟದ ಹೊತ್ತಿಗೆ ಕರೆಂಟ್ ಹೋಗಿದ್ದೂ ಬಂದಿದೆ. ದೇವರ ಮನೆ ಬಾಗಿಲ ಪಕ್ಕದ ಫ್ಯೂಸ್ ಬೋರ್ಡಿನ ಕೆಳಗೆ ಸ್ಟೂಲು ಹಾಕಿಕೊಂಡು, ನಾನು ಹತ್ತಿ, ತಂತಿ ಕಟ್ಟಿ, ದೀಪ ಬರಿಸಿದೆ. ನೀನು ನನ್ನ ಬೆನ್ನು ಗುದ್ದಿ, "ನೀ ಇಲ್ಲಂದ್ರ ನಮ್ಮನಿ ಕತ್ತಲ ಐತಿ ಲೇ ಜೋಗ್ಯಾ" ಅಂದೆ. ಈ ಜಾಗವನ್ನು ನಾವು ಎಷ್ಟು ಸಲ ಹಾಕಿಕೊಂಡು ನೋಡಿಲ್ಲ! ಪ್ರತಿ ಸಲ ಅಲ್ಲಿಗೇ ಟೇಪು ನಿಲ್ಲಿಸಿಬಿಡುತ್ತಿದ್ದೆವು, ಆಮೇಲೇನೂ ಇಲ್ಲ ಅಂತ.

ಆಮೇಲೆ ಇದೆ ಗೋಪಿ. ಕುರುಗೋಡಿನ ನಾಲ್ಕು ಗಂಟೆ ಬಸ್ಸು ತಪ್ಪುತ್ತದೆ ಅಂತ ಹಂಪಮ್ಮನನ್ನು ಕರೆದುಕೊಂಡು ಓಡಿದ ನಾನು ಕ್ಯಾಮೆರಾ ಬಂದ್ ಮಾಡುವುದನ್ನು ಮರೆತಿದ್ದೆ. ಏಳೆಂಟು ನಿಮಿಷ ಬರೀ ಕುರ್ಚಿಗಳು ಕಾಣುತ್ತವೆ. ನಿಲ್ಲಿಸಿಬಿಡಬಹುದಿತ್ತು. ಏನಿದ್ದರೂ ಕೊನೆ ಮುಟ್ಟಿಸುವುದು ನನ್ನ ಅಭ್ಯಾಸ, ಓಡಲಿ ಅಂತ ಬಿಟ್ಟೆ.

ಆಗ ನೀನು ಬರುತ್ತೀಯ. ಮಡಿಪಂಚೆ ಉಟ್ಟಿದ್ದೀಯ, ಕೈಯಲ್ಲಿ ಪಂಚಪಾತ್ರೆ, ಅದರಲ್ಲಿ ತುಳಸಿ. ನಾನು ಹತ್ತಿದ ಸ್ಟೂಲಿನ ಮೇಲೆ ನೀರು ಚಿಮುಕಿಸುತ್ತೀಯ. ನಾನು ಕೈ ಊರಿದ ದೇವರ ಮನೆ ಬಾಗಿಲವಾಡಕ್ಕೆ ಚಿಮುಕಿಸುತ್ತೀಯ. ಕಡೆಗೆ ಕೈ ಎತ್ತಿ ಫ್ಯೂಸ್ ಬೋರ್ಡಿಗೂ ಚಿಮುಕಿಸುತ್ತೀಯ. ಕರೆಂಟ್ ಇರುವ ಬೋರ್ಡಿಗೆ ನೀರು, ಅದೂ ವಿಜ್ಞಾನದ ಮೇಷ್ಟ್ರ ಗೆಳೆಯ! ಆಮೇಲೆ ಆ ಸ್ಟೂಲನ್ನು ಎರಡು ಬೆರಳಲ್ಲಿ ಹಿಡಿದು ಹಿತ್ತಲಿಗೆ ಒಯ್ಯುತ್ತೀಯ. ಆ ಸ್ಟೂಲು ಮತ್ತೆ ನಿಮ್ಮ ಮನೆಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಊಟವಾದ ಜಾಗಕ್ಕೆ ಗೋಮಯ ಹಚ್ಚುವುದು ನಿಮ್ಮಲ್ಲಿ ಯಾರು ಉಂಡರೂ ಉಂಟು, ಅದು ನನಗೆ ಗೊತ್ತು. ಅದನ್ನು ನನ್ನ ಮುಂದೆ ಹೇಳಬೇಡ. ನಾನು ಅಲ್ಲಿ ಉಂಡಿರಲಿಲ್ಲ. ದೀಪ ಹಚ್ಚಿದ್ದೆ ಅಷ್ಟೆ.

ಹಂಪಮ್ಮ ಮೊರ ಕೆಳಗಿಟ್ಟು ನೋಡಿದಳು. ಅವಳು ಕೇಳಿದ್ದು ಇಷ್ಟೇ: "ಇದು ನಿಮಗ ಈಗ ಗೊತ್ತಾತೇನ್ರಿ? ಅವತ್ತು ನನಗ ಎಲಿ ಹಿತ್ತಲದಾಗ ಬ್ಯಾರೆ ಹಾಕಿದ್ರು. ನೀವು ಕ್ಯಾಮೆರಾ ಕ್ಯಾಮೆರಾ ಅಂತ ಓಡಾಡಾಕತ್ತಿದ್ರಿ." ಇಪ್ಪತ್ತಾರು ವರ್ಷ ನಿಮ್ಮ ಮನೆಗೆ ಕರೆದಾಗಲೆಲ್ಲ ಅವಳು ಮಂಡಿನೋವು, ತಲೆನೋವು ಅನ್ನುತ್ತಿದ್ದಳು. ನಾನು ಅವಳಿಗೇ ಬೈದಿದ್ದೇನೆ, ನನ್ನ ಗೆಳೆಯನ ಮನೆ ಅಂದರೆ ನಿನಗೆ ಯಾಕಷ್ಟು ಬಿಗುಮಾನ ಅಂತ.

ನನಗೆ ಎಲ್ಲಿ ಚುಚ್ಚಿತು ಗೊತ್ತೇನು? ಸಿರುಗುಪ್ಪದಲ್ಲಿ. ಹೈಸ್ಕೂಲಿನಲ್ಲಿ ನಾನು ಮೇಷ್ಟ್ರು, ನೀನು ಗುಮಾಸ್ತ, ಇಬ್ಬರಿಗೂ ಸೇರಿ ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟೋವು. ತಟ್ಟೆ ಕಳುವಾದ ಮೇಲೆ ತಿಂಗಳುಗಟ್ಟಲೆ ಒಂದೇ ತಟ್ಟೆಯಲ್ಲಿ ಉಂಡೆವು. ನಿನಗೆ ಟೈಫಾಯ್ಡ್ ಆದಾಗ ಹದಿನೆಂಟು ದಿನ ಗಂಜಿ ಕುಡಿಸಿದ ಕೈ ಇದು. ಶುಕ್ರವಾರ ಬಂತೆಂದರೆ ಬಸ್ಸು ಹತ್ತಿ ಬಳ್ಳಾರಿಗೆ ಬಂದು ಸಿನಿಮಾ ನೋಡಿ, ಹಿಂದಿರುಗುವಾಗ ಒಬ್ಬರ ಹೆಗಲ ಮೇಲೊಬ್ಬರು ನಿದ್ದೆ ಮಾಡುತ್ತಿದ್ದೆವು. ಆಗ ಯಾವ ತುಳಸಿ ನೀರು ಚಿಮುಕಿಸಿಕೊಂಡೆಯೋ ನನಗೆ ತಿಳಿಯದು.

ನಿಮ್ಮ ಮನೆಯಲ್ಲಿ ನನಗೆ ಬೇರೆ ಲೋಟ ಇತ್ತು, ಅಂಚು ನೆಗ್ಗಿದ ಸ್ಟೀಲ್ ಲೋಟ. ಅದು ನನಗೆ ಗೊತ್ತಿತ್ತು, ನಾನು ಕುರುಡನಲ್ಲ. ಮೊದಲ ದಿನವೇ ನೀನು ಕಿವಿಯಲ್ಲಿ ಹೇಳಿದ್ದೆ: "ಅಮ್ಮನ ಮಡಿ ಲೇ. ಹಳೇ ಮಂದಿ. ಅಕಿ ಇರೋತನ ಸಹಿಸ್ಕೋ." ಸಹಿಸಿದೆ. ಮುದುಕಿಯ ಮೇಲೆ ಸಿಟ್ಟು ಇಟ್ಟುಕೊಂಡು ಮಗನ ಮೇಲೆ ಪ್ರೀತಿ ಇಟ್ಟುಕೊಂಡೆ. ಎರಡು ಸಾವಿರದ ಎಂಟರಲ್ಲಿ ಅವರು ಹೋದ ಮೇಲೆ ಆ ಲೋಟವೂ ಹೋಯಿತು. ನೋಡಿದೆಯಾ, ಗೋಪಿ ಹೇಳಿದ್ದು ನಿಜ ಅಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ. ಅಂಥ ಮಳ್ಳ ನಾನು.

ಮೋಸ ಅನ್ನುವ ಮಾತನ್ನು ನಾನು ಸುಲಭವಾಗಿ ಆಡುವವನಲ್ಲ. ಇದು ಮೋಸ. ಬೀದಿಯಲ್ಲಿ ಎಷ್ಟೋ ಜನ ನನ್ನನ್ನು ದೂರ ನಿಲ್ಲಿಸಿದ್ದಾರೆ, ಅವರು ಮುಖದ ಮೇಲೇ ನಿಲ್ಲಿಸಿದರು, ನಾನೂ ಮುಖದ ಮೇಲೇ ಜಗಳ ಆಡಿದೆ. ನೀನು ಬೆನ್ನು ಗುದ್ದಿ ಕಳಿಸಿ, ಬಸ್ಸು ಹೊರಟ ಮೇಲೆ ನೀರು ಹಾಕಿದೆ. ನನಗೆ ಜಗಳಕ್ಕೂ ಜಾಗ ಉಳಿಸಲಿಲ್ಲ. ಹತ್ತು ದಿನದಿಂದ ಅನ್ನ ಸೇರುತ್ತಿಲ್ಲ.

ನಾವು ಹೊರಟ ಮೇಲಿನ ಆ ಹನ್ನೊಂದು ನಿಮಿಷವನ್ನು ಕತ್ತರಿಸಿಬಿಡಲೇ ಅಂತ ಯೋಚಿಸಿದೆ. ಕಂಪ್ಯೂಟರಿನಲ್ಲಿ ಅದು ಎರಡು ನಿಮಿಷದ ಕೆಲಸ. ಕತ್ತರಿಸಿದರೆ ಭಾನುವಾರ ಬಂದು, ನಿನ್ನ ಪಡಸಾಲೆಯಲ್ಲಿ ಕೂತು, ಕಾಫಿ ಕುಡಿದು, ಮೊದಲಿನ ಹಾಗೇ ಇರಬಹುದಿತ್ತು. ಎರಡು ಸಲ ಮೌಸಿನ ಮೇಲೆ ಕೈ ಇಟ್ಟೆ. ಮೂವತ್ತೆರಡು ವರ್ಷ ಮಕ್ಕಳಿಗೆ ಹೇಳುತ್ತ ಬಂದವನು ನಾನು, ಪ್ರಯೋಗದಲ್ಲಿ ಬಂದ ರೀಡಿಂಗ್ ತಿದ್ದಬೇಡಿ, ಬಂದದ್ದನ್ನೇ ಬರೆಯಿರಿ ಅಂತ. ಕೈ ಬರಲಿಲ್ಲ. ಹೋಮದಿಂದ ಹಿಡಿದು ದೀಪ ಬರುವವರೆಗಿನದನ್ನು ಮನೆಮಂದಿಗೆಲ್ಲ ಕಾಣುವಂತೆ ಇಟ್ಟಿದ್ದೇನೆ. ಉಳಿದ ಹನ್ನೊಂದು ನಿಮಿಷ ನಿನ್ನ ಖಾತೆಯಲ್ಲಿ ಮಾತ್ರ ಇದೆ. ಶ್ರೀಕೃತಿಗೆ ಅದು ಕಾಣದು. ಮಗು ಅಜ್ಜನನ್ನು ಹಾಗೆ ನೋಡುವುದು ನನಗೆ ಬೇಡ.

ಪೆಟ್ಟಿಗೆಯನ್ನು ಹಂಪಮ್ಮನ ತಮ್ಮ ಎರ್ರಣ್ಣನ ಕೈಯಲ್ಲಿ ನಾಳೆ ಬೆಳಗಿನ ಬಸ್ಸಿಗೆ ಕಳಿಸುತ್ತಿದ್ದೇನೆ, ಈ ಕಾಗದ ಅದರ ಮೇಲೇ ಇರುತ್ತದೆ. ನಿನ್ನ ಡಿಸ್ಕು ಟೇಪುಗಳ ಜೊತೆಗೆ ನನ್ನವೂ ಇವೆ, ಇಟ್ಟುಕೋ. ಯುಪಿಎಸ್ ಇಲ್ಲದೆ ಪೆಟ್ಟಿಗೆ ಹಚ್ಚಬೇಡ. ಧೂಳು ಅಂತ ಬಟ್ಟೆ ಹೊದಿಸಬೇಡ, ಬಿಸಿಯಾಗುತ್ತದೆ. ಇನ್ನೊಂದು ಮಾತು. ಅದರ ಒಂದೊಂದು ಸ್ಕ್ರೂ ತಿರುಗಿಸಿದವನು ನಾನು, ನಾನು ಮುಟ್ಟದ ಜಾಗ ಅದರಲ್ಲಿ ಇಲ್ಲ. ಹಾಗಂತ ಅದರ ಮೇಲೆ ನೀರು ಚಿಮುಕಿಸಬೇಡ, ಎರಡು ಡಿಸ್ಕೂ ಹೋಗುತ್ತವೆ.

ಶುಕ್ರವಾರ ಶುಕ್ರವಾರ ನೀನು ಅಲ್ಲಿ, ನಾನು ಇಲ್ಲಿ, ಒಂದೇ ಹೊತ್ತಿಗೆ ಒಂದೇ ಚಿತ್ರ ಹಾಕಿಕೊಂಡು ಫೋನಿನಲ್ಲಿ ಮಾತಾಡುತ್ತ ನೋಡೋಣ ಅಂತ ನನಗೂ ಒಂದು ಪ್ಲೇಯರ್ ತಂದಿದ್ದೆವಲ್ಲ, ಅದರ ಡಬ್ಬಿಯನ್ನು ನಾನು ಒಡೆದಿಲ್ಲ. ಒಡೆಯುವುದೋ ಬಿಡುವುದೋ ನನಗಿನ್ನೂ ತಿಳಿದಿಲ್ಲ. ಆ ಹನ್ನೊಂದು ನಿಮಿಷವನ್ನು ನೀನು ಒಬ್ಬನೇ ಕೂತು ಕೊನೆಯವರೆಗೆ ನೋಡು. ಅರ್ಧಕ್ಕೆ ಎದ್ದರೆ ನನಗೆ ಗೊತ್ತಾಗುತ್ತದೆ. ಟಿಕ್ ಬೀಳುವವರೆಗೆ ಫೋನ್ ಮಾಡಬೇಡ.

ಶ್ರೀಕೃತಿಗೆ ನನ್ನ ಆಶೀರ್ವಾದ. ಅವಳು ಚೆನ್ನಾಗಿ ಓದಲಿ, ನೂರು ವರ್ಷ ಬಾಳಲಿ, ತನ್ನ ಗೆಳತಿಯರಿಗೆ ಒಂದೇ ಲೋಟದಲ್ಲಿ ನೀರು ಕೊಡಲಿ.

ಇಂತಿ,
ಜೋಗಪ್ಪ

ಮತ್ತೆ: ಕಾಗದ ಮಡಿಸಿ ಇಟ್ಟಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ಕಳಿಸಲು ಆಗಲಿಲ್ಲ. ಟೇಪಿನಲ್ಲಿ ಫ್ಯಾನಿನ ಸದ್ದು ಬಹಳ, ಮೊದಲ ಸಲ ನೋಡಿದಾಗ ಮಾತು ಕೇಳಿರಲಿಲ್ಲ. ಮೊನ್ನೆ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ನೀನು ಬೋರ್ಡಿಗೆ ನೀರು ಹಾಕುವಾಗ ಒಳಗಿನಿಂದ ಅಂಬುಜಮ್ಮನವರ ದನಿ ಬರುತ್ತದೆ. "ಬ್ಯಾಡೋ ಗೋಪಿ. ಅವ ದೀಪ ಹಚ್ಚಿ ಹೋಗ್ಯಾನ, ನೀ ಅವನ ಹಿಂದ ನೀರು ಹಾಕ್ತಿ." ಹೋಮ ಮಾಡಿಸಿದ ಭಟ್ಟರು ನೋಡಿದ್ದಾರೆ, ನಾಳೆ ನಾಲ್ಕು ಜನ ಆಡಿಕೊಳ್ಳುತ್ತಾರೆ ಅಂತ ನೀನು ಹೇಳುತ್ತೀಯ. ಆಗ ಅವರು ಅನ್ನುತ್ತಾರೆ: "ಹಾಕೋದಾದ್ರ ಹಾಕು. ನನ್ನ ಮಡಿ ಅಂತ ಮಾತ್ರ ಅವನ ಮುಂದ ಹೇಳಬ್ಯಾಡ."

ಕಡೆಯ ದಿನಗಳಲ್ಲಿ ಅವರು ಹಾಸಿಗೆಯಿಂದ ನನಗೆ ಎರಡು ಸಲ ಹೇಳಿ ಕಳಿಸಿದ್ದರು, ಜೋಗಪ್ಪನನ್ನು ನೋಡಬೇಕು ಅಂತ. ಪರೀಕ್ಷೆ ಕೆಲಸ ಇದೆ ಅಂದೆ ನಾನು. ಬಾ ಅಂತ ನೀನು ಒತ್ತಾಯ ಮಾಡಲಿಲ್ಲ, ಯಾಕೆ ಅನ್ನುವುದು ಈಗ ತಿಳಿಯಿತು. ಪರೀಕ್ಷೆ ಇರಲಿಲ್ಲ ಗೋಪಿ. ಆ ಎರಡು ದಿನವೂ ನಾನು ಮನೆಯಲ್ಲೇ ಕೂತು, ನೀನು ಕೊಟ್ಟ ಡಿಸ್ಕು ಹಾಕಿಕೊಂಡು ಸಿನಿಮಾ ನೋಡಿದೆ.