ಗಾಡಿ ಕೀ ಎಲ್ಲಿದೆ ಅಂತ ಡಾಕ್ಟರು ಹೇಳ್ತಾರೆ

ಅತ್ತಿಗೆ,

ಕೆಲಸಕ್ಕೆ ಹೊರಟೆ. ಗಾಡಿ ಕೀ ಹುಡುಕಬೇಡಿ, ಅದು ಮೊಳೆಯಲ್ಲಿಲ್ಲ. ಮೊದಲು ಇದನ್ನು ಪೂರ್ತಿ ಓದಿ.

ನಿಮ್ಮ ಫೋನಿಂದ ಆ ಹಳೇ ಇಂಗ್ಲಿಷ್ ಪಾಠ ತೆಗೆದುಹಾಕಿದ್ದೇನೆ. ಅದರಲ್ಲಿನ ಅಮ್ಮಣ್ಣಿ ನಾಲಿಗೆಗೆ ಜೇನು ಸವರಿಕೊಂಡು ಮಾತಾಡ್ತಾಳೆ. ಅವಳು ಪ್ರಶ್ನೆ ಕೇಳೋ ಮುಂಚೆಯೇ ನೀವು ಉತ್ತರ ಹೇಳಿ ಮುಗಿಸಿರ್ತೀರಿ. ಅದು ಕೇಳಿ ಕಲಿತದ್ದಲ್ಲ, ಬರೀ ಬಾಯಿಪಾಠ. ಹೋದ ಸಲ ಇಂಗ್ಲಿಷ್ ಕೇಳಿ ಉತ್ತರ ಹೇಳೋ ಪರೀಕ್ಷೆಯಲ್ಲಿ ಮುಗ್ಗರಿಸಿದ್ದೂ ಅದಕ್ಕೇ. ಇವತ್ತು ಮಧ್ಯಾಹ್ನವೂ ಹಾಗಾದರೆ ನರ್ಸ್ ಕೆಲಸ ಹೋಯಿತು, ಆಸ್ಪತ್ರೆಯ ಬಟ್ಟೆ ಗೋದಾಮಿನ ಕೆಲಸವೇ ಗತಿ ಅಂತ ಅತ್ತದ್ದು ನೀವೇ ತಾನೇ?

ಬದಲಿಗೆ ನಾನೇ ಒಂದು ರೆಕಾರ್ಡ್ ಮಾಡಿಟ್ಟಿದ್ದೇನೆ. ಬಸ್ಸು ತಪ್ಪಿದವರ ಹಾಗೆ ಒದರುವ ಡಾಕ್ಟರು, ಹಲ್ಲುಸೆಟ್ಟು ಬಿಚ್ಚಿಟ್ಟ ಅಜ್ಜ, ಅಳುತ್ತಲೇ ಮಾತಾಡುವ ತಾಯಿ, ಮೂವರೂ ನಾನೇ. ಹಿಂದೆ ಮಿಕ್ಸಿ ಗುರ್ರೆನ್ನುತ್ತೆ, ಅದೂ ಬೇಕಂತಲೇ. ವಾರ್ಡಿನಲ್ಲಿ ನಿಮಗೋಸ್ಕರ ಯಾರು ನಿಧಾನವಾಗಿ ಮಾತಾಡ್ತಾರೆ?

ಬೈಕೊಳ್ಳಿ, ಆದರೆ ಕೇಳಿ. ಕೀ ಎಲ್ಲಿಟ್ಟಿದ್ದೇನೆ ಅಂತ ಡಾಕ್ಟರು ಒಂದೇ ಸಲ ಹೇಳ್ತಾರೆ, ಇಂಗ್ಲಿಷಿನಲ್ಲೇ.

ಸಿಕ್ಕರೆ ಪರೀಕ್ಷೆಗೆ ನೀವು ತಯಾರು. ಸಿಗದಿದ್ದರೆ ಫೋನ್ ಮಾಡಿ, ಓಡಿ ಬಂದು ನಾನೇ ಬಿಟ್ಟುಬರ್ತೀನಿ. ದಾರಿಯುದ್ದಕ್ಕೂ ಆ ಅಜ್ಜನ ದನಿಯಲ್ಲೇ ಮಾತಾಡ್ತೀನಿ, ನೆನಪಿರಲಿ.

ನಿಮ್ಮ ಕೋತಿ ಮೈದುನ