ಅರ್ಧ ಸ್ವರ ಮೇಲೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಮೊದಲು ಕೂತುಕೋ. ನಿಂತುಕೊಂಡು ಓದುವ ಕಾಗದವಲ್ಲ ಇದು. ಫೋನಿನಲ್ಲೇ ಹೇಳೋಣವೆಂದರೆ, ಹಾಡಿನ ಮಾತೆತ್ತಿದ ತಕ್ಷಣ ನೀನು 'ಕ್ಲಾಸಿಗೆ ಹೊತ್ತಾಯ್ತು' ಎಂದು ಇಟ್ಟುಬಿಡುತ್ತೀಯ. ಡ್ರೈವಿಂಗ್ ಕಲಿಯಲು ಬಂದವರು ನಿನ್ನ ಕಾರನ್ನು ಕಂಡಕಂಡಲ್ಲಿ ಗುದ್ದಿದರೂ ಸಹಿಸಿಕೊಳ್ಳುವ ಮಹಾನುಭಾವ, ನಿನ್ನ ಹಾಡಿನ ವಿಷಯಕ್ಕೆ ಮಾತ್ರ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುತ್ತೀಯ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಮ್ಮನೆಯವರೂ ಚೆನ್ನಾಗಿದ್ದಾರೆ. ಅವರ ವಿಷಯ ಇವತ್ತಿಗೆ ಇಷ್ಟೇ ಸಾಕು.

ನಿಮ್ಮ ರಾಕ್ ಬ್ಯಾಂಡಿನ ಎರಡೂ ಸಂಕಲನ ಆಲ್ಬಮ್‌ಗಳನ್ನು ರೆಕಾರ್ಡ್ ಕಂಪನಿಯವರು ಮತ್ತೆ ಹೊರತರುತ್ತಿದ್ದಾರೆ. ಥೇಟ್ ಹಿಂದಿನಂತೆ ಎಲ್‌ಪಿಗಳು, ಅದೇ ರಟ್ಟಿನ ಹೊದಿಕೆ, ಅದರ ಮೇಲೆ ಅದೇ ನಿನ್ನ ಕುರುಚಲು ಗಡ್ಡ. ರೀಮಾಸ್ಟರ್ ಮಾಡುವ ಕೆಲಸ ನನಗೇ ಬಂತು. ಅಂದರೆ ಹಳೆಯ ಟೇಪಿನಿಂದ ಹಾಡನ್ನು ಹೊಸದಾಗಿ ಇಳಿಸಿಕೊಂಡು, ಕರಕರ ತೆಗೆದು, ದನಿ ತಿಳಿ ಮಾಡುವುದು. ಅಣ್ಣನ ಗಂಟಲು ತೊಳೆಯುವ ಯೋಗ ನನಗೇ ಬಂತಲ್ಲ ಎಂದು ನಗುತ್ತಲೇ ಕೂತೆ. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ.

ಮೊದಲ ಸಂಕಲನದ ಟೇಪು ಹಾಕಿದಾಗ ಹಾಡುಗಳ ಹಿಂದೆ ಕರೆಂಟಿನ ಗುಂಯ್ ಎನ್ನುವ ಸದ್ದು ಸಣ್ಣಗೆ ಕೇಳಿತು. ಹಳೆಯ ಟೇಪುಗಳಲ್ಲಿ ಅದು ಇದ್ದದ್ದೇ, ಯಾವಾಗಲೂ ಒಂದೇ ಸ್ವರದಲ್ಲಿ. ಇದರಲ್ಲಿ ಅದು ಮೇಲಿತ್ತು. ನನ್ನ ಕಿವಿಯೇ ಕೆಟ್ಟಿತೇನೋ ಅಂದುಕೊಂಡೆ. ಟೇಪ್ ಯಂತ್ರ ಬದಲಾಯಿಸಿದರೂ ಅಷ್ಟೇ. ಕೊನೆಗೆ ನೀವು ಮೊಟ್ಟಮೊದಲು ಹಾಡಿದ ಮೂಲ ಟೇಪನ್ನು ಗೋದಾಮಿನಿಂದ ತರಿಸಿ, ಒಂದಾದ ಮೇಲೊಂದು ಕೇಳಿದೆ. ಅಣ್ಣಾ, ಸಂಕಲನ ಮಾಡುವಾಗ ಟೇಪನ್ನು ಜೋರಾಗಿ ಓಡಿಸಿಬಿಟ್ಟಿದ್ದಾರೆ. ಹಾಗೆ ಓಡಿಸಿದರೆ ಹಾಡು ಬೇಗ ಮುಗಿಯುತ್ತದೆ, ಸ್ವರವೂ ಮೇಲೇರುತ್ತದೆ. ಒಂದೊಂದು ಹಾಡೂ ಅರ್ಧ ಸ್ವರ ಮೇಲಿದೆ.

ನೀನು ಆ ಎತ್ತರದಲ್ಲಿ ಯಾವತ್ತೂ ಹಾಡಿಯೇ ಇರಲಿಲ್ಲ.

ಮೂಲ ರೆಕಾರ್ಡುಗಳು ಅಂಗಡಿಗಳಿಂದ ಮಾಯವಾಗಿ, ಊರೆಲ್ಲ ಕೇಳಿದ್ದು ಈ ಸಂಕಲನವನ್ನೇ. ಬ್ಯಾಂಡು ಒಡೆದು ವರ್ಷಗಳಾದ ಮೇಲೆ ನೀನು ಹೊಸಬರನ್ನು ಕಟ್ಟಿಕೊಂಡು ವೇದಿಕೆ ಹತ್ತಿದೆಯಲ್ಲ, ಅವರೂ ಇದನ್ನೇ ಕೇಳಿ ಕೇಳಿ ಗಿಟಾರು ಕಲಿತಿದ್ದರು. ನೀನೋ, ಸ್ವರದ ಹೆಸರು ಕೇಳಿದರೆ ಕಣ್ಣು ಕಣ್ಣು ಬಿಡುವವನು. ಗಿಟಾರು ಎಲ್ಲಿ ಹಿಡಿಯಿತೋ ಅಲ್ಲಿಂದ ಶುರು. ಆ ಸಂಜೆ ಮೇಲಿನ ಸಾಲಿಗೆ ದನಿ ಒಡೆದು, ಜನ ಕೇಕೆ ಹಾಕಿ ನಕ್ಕು, ನೀನು ಮೈಕು ಬಿಟ್ಟು ಇಳಿದು ಬಂದೆ. 'ನನ್ನ ಗಂಟಲು ಸತ್ತೋಯ್ತು ಕಣೇ' ಅಂದೆ. ಸತ್ತಿರಲಿಲ್ಲ ಕಣೋ! ಅದಕ್ಕೆ ಏನೂ ಆಗಿರಲಿಲ್ಲ. ಯಾರೂ ಹಾಡದೇ ಇದ್ದ ಹಾಡಿನ ಜೊತೆ ಪೈಪೋಟಿಗೆ ಬಿದ್ದು, ಸೋತೆ ಅಂದುಕೊಂಡು ಮನೆಗೆ ಬಂದೆ. ಆಮೇಲೆ ಒಂದು ದಿನವೂ ಹಾಡಲಿಲ್ಲ.

ಇದು ತಿಳಿದಾಗಿನಿಂದ ನನಗೆ ದಿಕ್ಕೇ ತೋಚುತ್ತಿಲ್ಲ. ಕುಣಿಯಬೇಕೋ, ತಲೆ ಚಚ್ಚಿಕೊಳ್ಳಬೇಕೋ? ಇದನ್ನು ಓದಿ ನಿನಗೆ ನೆಮ್ಮದಿಯಾಗುತ್ತದೋ, ಇಲ್ಲ ಹೋದ ವರ್ಷಗಳನ್ನು ನೆನೆದು ಹೊಟ್ಟೆ ಉರಿಸಿಕೊಳ್ಳುತ್ತೀಯೋ? ಹೇಳದೆ ಇರಲೂ ಆಗಲಿಲ್ಲ.

ಇನ್ನೊಂದು ತಲೆನೋವು ಕೇಳು. ವೇಗ ಸರಿಮಾಡಿದರೆ ಹಾಡುಗಳು ಉದ್ದವಾಗಿ, ಎಲ್‌ಪಿಯ ಎರಡನೇ ಬದಿಯ ಕೊನೆಯ ಹಾಡಿಗೆ ಜಾಗ ಸಾಲುವುದಿಲ್ಲ. ಅದನ್ನು ಕೈಬಿಡಬೇಕು. ಕಂಪನಿಯ ಮ್ಯಾನೇಜರಿಗೆ ಹೇಳಿದರೆ, 'ಮೇಡಂ, ಜನಕ್ಕೆ ಬೇಕಾಗಿರೋದು ಅವರಿಗೆ ಗೊತ್ತಿರೋ ದನಿ. ಸರಿ ಮಾಡಿದ್ರೆ, ಹಾಳು ಮಾಡಿದ್ರು ಅಂತಾರೆ' ಅಂದರು. ಆ ಮನುಷ್ಯನ ಮಾತಿನಲ್ಲೂ ಹುರುಳಿದೆ, ಅದೇ ನನಗೆ ಉರಿ. ಸರಿ ವೇಗದ ಹಾಡು ಕೇಳಿದಾಗ ನನಗೇ ಒಂದು ಗಳಿಗೆ, ಯಾರಪ್ಪಾ ಇದು ಅನಿಸಿತು. ಮತ್ತೆ ಕೇಳಿದಾಗ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಹಾಡಿಕೊಳ್ಳುತ್ತಿದ್ದ ನೀನೇ ಸಿಕ್ಕಿದೆ. ಹೆಡ್‌ಫೋನ್ ತೆಗೆಯದೆ ಅತ್ತುಬಿಟ್ಟೆ.

ಹಾಡಿದವರೇ ಕೇಳಿಕೊಂಡರೆ ಸರಿ ಮಾಡೋಣ ಎಂದು ಮ್ಯಾನೇಜರು ಕೊನೆಗೆ ಒಪ್ಪಿದ್ದಾರೆ. ಹಾಗಾಗಿ ಈಗ ಎಲ್ಲಾ ನಿನ್ನ ಕೈಯಲ್ಲಿದೆ. ಕಾಗದದ ಜೊತೆಗಿಟ್ಟ ಪೆನ್‌ಡ್ರೈವಿನಲ್ಲಿ ಓಡಿಸಿದ್ದು, ಸರಿ ವೇಗದ್ದು ಎರಡೂ ಇವೆ. ಕಾರಿನಲ್ಲಿ ಒಬ್ಬನೇ ಕೂತು ಕೇಳು, ಗಾಜು ಏರಿಸಿಕೊಂಡು ಜೊತೆಗೆ ಹಾಡಿ ನೋಡು. ದನಿ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದರೂ ಬರದಿದ್ದರೂ ಫೋನು ಮಾಡು, ಕಾಯುತ್ತಿರುತ್ತೇನೆ.

ಯಾರು ಹೀಗೆ ಮಾಡಿದರು ಎಂದು ಮಾತ್ರ ಕೇಳಬೇಡ. ಯಾವ ಪುಣ್ಯಾತ್ಮನೋ ಏನೋ! ಆ ಕಾಲದಲ್ಲಿ ಎಷ್ಟೋ ಜನ ಹಾಗೆ ಮಾಡುತ್ತಿದ್ದರಂತೆ.

ಎಂದೆಂದೂ ನಿನ್ನ ಬೆನ್ನು ಬಿಡದ,
ಬಾಲಂಗೋಚಿ

ತಾ.ಕ.: ಮಡಚಿದ ಕಾಗದ ಮತ್ತೆ ಬಿಚ್ಚಿದ್ದೇನೆ. ಆ ಪುಣ್ಯಾತ್ಮ ಯಾರೆಂದು ನನಗೆ ಗೊತ್ತು. ನಿನ್ನ ಜೀವದ ಗೆಳೆಯ, ನಿಮ್ಮ ಮೊದಲ ಗಿಟಾರಿನವರು, ನಮ್ಮನೆಯವರು. ಬ್ಯಾಂಡು ಒಡೆದ ಮೇಲೆ ಕಂಪನಿಯಲ್ಲಿ ಕೆಲಸಕ್ಕಿದ್ದಾಗ ಆ ಟೇಪು ಜೋಡಿಸಿದ್ದು ಅವರೇ. ಆ ಕೊನೆಯ ಹಾಡು ಅವರು ಕಟ್ಟಿದ ಒಂದೇ ಒಂದು ಹಾಡು. ಅದಕ್ಕೆ ಜಾಗ ಮಾಡಲು ಎಲ್ಲವನ್ನೂ ಓಡಿಸಿದರಂತೆ. ನಿನ್ನ ದನಿ ಒಡೆದ ಸಂಜೆ ನನ್ನ ಪಕ್ಕದಲ್ಲೇ ಕೂತಿದ್ದರಲ್ಲ, ಆಗ ಗೊತ್ತಾಗಲಿಲ್ಲವೇ ಎಂದು ಇವತ್ತು ಊಟದ ಹೊತ್ತಿಗೆ ಕೇಳಿದೆ. 'ಮೊದಲನೇ ಹಾಡಿಗೇ ಗೊತ್ತಾಯ್ತು' ಅಂದರು. ತನ್ನ ಹಾಡು ತೆಗೆದುಹಾಕು ಎಂದೂ ಅಂದರು. ಆಮೇಲೆ, 'ಅವನಿಗೆ ಮಾತ್ರ ಹೇಳಬೇಡ ಕಣೇ' ಅಂದರು. ಹೂಂ ಅಂದೆ. ಹೂಂ ಅಂದು ಎದ್ದುಬಂದೇ ಈ ಕಾಗದ ಬರೆಯಲು ಕೂತಿದ್ದು.